ಮೇವಿನ ಮರ್ಮ: ಗೋವಿನ ಒಡಲಿನ ಅಣುಜೀವಿಗಳನ್ನು ಕುರಿತ ಒಂದು ಸಂಶೋಧನೆಯ ಚರಿತ್ರೆ

ಪೀಠಿಕೆ

ಮಠವೆಂದರೆ ಗದ್ದುಗೆ, ಪಾಠಶಾಲೆ, ದಾಸೋಹದ ಮನೆ ಎಂದು ಭಕ್ತರು ಎಣಿಸುವುದುಂಟು. ಆ ಎಣಿಕೆಯಲ್ಲಿ ನಾಲ್ಕನೆಯದಾಗಿ ಸೇರತಕ್ಕದ್ದು ಕೊಟ್ಟಿಗೆ. ದಾಸೋಹದ ಮಜ್ಜಿಗೆಯೂ, ಪ್ರಸಾದದ ತುಪ್ಪವೂ, ಹೊಲದ ಉಳುಮೆಯೂ, ವಿಭೂತಿಗೆ ಬೇಕಾದ ಗೋಮಯವೂ ಅಲ್ಲಿಂದಲೇ ಬರತಕ್ಕವು. ಹನ್ನೆರಡನೆಯ ಶತಮಾನದ ಶರಣಗಣದಲ್ಲಿ ತುರು ಕಾಯುವುದನ್ನೇ ಕಾಯಕವಾಗಿ ಕೈಕೊಂಡ ತುರುಗಾಹಿ ರಾಮಣ್ಣನೆಂಬ ಶರಣನಿದ್ದನೆಂಬುದು ವಚನವಾಙ್ಮಯವನ್ನು ಬಲ್ಲವರಿಗೆ ತಿಳಿದ ವಿಷಯವೇ ಆಗಿದೆ. ಆದುದರಿಂದ ಮಠದ ಮಹೋತ್ಸವದ ಸಂಪುಟದಲ್ಲಿ ಪಶುಗಳ ಆರೋಗ್ಯವನ್ನು ಕುರಿತ ಚರಿತ್ರೆಯೊಂದು ಸೇರುವುದು ಅಪ್ರಸ್ತುತವಾಗಲಾರದು.

ಈಗ ಚಾಮರಾಜನಗರ ತಾಲ್ಲೂಕಿಗೆ ಸೇರಿರುವ ಉಮ್ಮತ್ತೂರು, ಹದಿನೈದನೆಯ ಶತಮಾನದಲ್ಲಿಯೂ ಹದಿನಾರನೆಯದರ ಆದಿಯಲ್ಲಿಯೂ ಪ್ರಬಲರಾಗಿದ್ದ ಒಡೆಯರ ನೆಲೆಯಾಗಿದ್ದಿತು. ವಿಜಯನಗರದ ಕೃಷ್ಣದೇವರಾಯನು ಪಟ್ಟವೇರಿದ ಕೆಲವೇ ವರ್ಷಗಳಲ್ಲಿ, ಎಂದರೆ 1510ರಿಂದ 1512ರ ಸುಮಾರಿನಲ್ಲಿ, ಉಮ್ಮತ್ತೂರಿನ ಗಂಗರಾಜನ ಮೇಲೆ ದಂಡೆತ್ತಿ ಬಂದು ಶಿವನಸಮುದ್ರದ ಕೋಟೆಯನ್ನು ವಶಪಡಿಸಿಕೊಂಡನು. ಆ ಶತಮಾನದ ಉತ್ತರಾರ್ಧದಲ್ಲಿ ಶ್ರೀರಂಗಪಟ್ಟಣದಲ್ಲಿದ್ದ ವಿಜಯನಗರದ ಪ್ರತಿನಿಧಿಗಳು ಹಳ್ಳಿಕಾರ್ ಜಾತಿಯ ಹಸುಗಳನ್ನು ತರಿಸಿ ಸಾಕಿದರೆಂದೂ, ಆ ಹಿಂಡುಗಳು ಮೈಸೂರರಸರ ಕೈಸೇರಿ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆಚಾವಡಿ’ ಎಂಬ ಇಲಾಖೆಯಾಯಿತೆಂದೂ, ತರುವಾಯ ಟಿಪ್ಪುವು ಅದಕ್ಕೆ ‘ಅಮೃತಮಹಲ್’ ಎಂಬ ಹೆಸರಿಟ್ಟನೆಂದೂ ಇತಿಹಾಸವು ಹೇಳುವುದು. ಉಮ್ಮತ್ತೂರಿನ ಅರಸೊತ್ತಿಗೆ ಅಳಿಯಿತು. ಅಲ್ಲಿನ ಒಕ್ಕಲುಮಕ್ಕಳ ಹಟ್ಟಿಗಳಲ್ಲಿ ದನಕರುಗಳು ಮಾತ್ರ ಉಳಿದುವು. ಪೂರ್ವದ ಬೆಟ್ಟಗಳನ್ನು ದಾಟಿದರೆ, ಈಗ ತಮಿಳುನಾಡಿಗೆ ಸೇರಿರುವ ಬರಗೂರಿನ ಕಾಡುಗಳಲ್ಲಿಯೂ ಕನ್ನಡವಾಡುವ ಲಿಂಗವಂತರು ಆ ಬೆಟ್ಟದ ಹೆಸರನ್ನೇ ಹೊತ್ತ ಒಂದು ಗೋತಳಿಯನ್ನು ಕಾಪಾಡಿಕೊಂಡು ಬಂದಿರುವರು.

ಈ ಸೀಮೆಯ ಪಶುಗಳ ಆಹಾರವು ಬಹುಕಾಲದಿಂದ ಒರಟಾದುದು. ಜೋಳದ ಕಡ್ಡಿ, ರಾಗಿಯ ಹುಲ್ಲು, ಹುರುಳಿಯ ಹೊಟ್ಟು, ಬೀಳುಭೂಮಿಯ ಗರಿಕೆ, ಇಷ್ಟರಿಂದಲೇ ಎತ್ತುಗಳು ಹಗಲೆಲ್ಲ ಉಳುವುವು. ಉಮ್ಮತ್ತೂರಿನ ಗುಡ್ಡದ ಬಯಲುಗಳಲ್ಲಿ ಇಂದಿಗೂ ಉಳಿದುಕೊಂಡಿರುವ ಕೃಷ್ಣಮೃಗಗಳೂ ಹುಲ್ಲನ್ನೇ ಮೇಯ್ದು ಮೆಲುಕು ಹಾಕುವುವು. ಮನುಷ್ಯನು ಆ ಹುಲ್ಲನ್ನು ತಿಂದು ಜೀವ ಹಿಡಿದಿರಲಾರನು. ಆದರೆ ಇದಕ್ಕೆ ವಿಪರೀತವಾದ ಮತ್ತೊಂದು ಸಂಗತಿಯನ್ನು ಹಳ್ಳಿಯ ಹಿರಿಯರೆಲ್ಲರೂ ಬಲ್ಲರು. ಮದುವೆಯ ಮರುದಿನವೋ ಜಾತ್ರೆಯ ಮರುದಿನವೋ, ಮಿಕ್ಕ ಅನ್ನ ಪಾಯಸಗಳನ್ನು ‘ಮೂಕಪ್ರಾಣಿಯೂ ಉಣ್ಣಲಿ’ ಎಂದು ಕರುಣೆಯಿಂದ ಗೊಂತಿಗೆ ಸುರಿಯುವುದುಂಟು. ಹಸುವು ಆಸೆಯಿಂದ ಹೊಟ್ಟೆತುಂಬ ತಿನ್ನುವುದು. ಸಂಜೆಯ ಹೊತ್ತಿಗೆ ಮೆಲುಕು ನಿಲ್ಲುವುದು. ಮಾರನೆಯ ದಿನ ಹುಳಿನಾತದ ಭೇದಿ ಹತ್ತುವುದು, ಕಣ್ಣು ಒಳಸೇರುವುದು, ಕಾಲು ತತ್ತರಿಸುವುದು. ತಕ್ಕ ಚಿಕಿತ್ಸೆಯಾಗದಿದ್ದರೆ ಪ್ರಾಣವೇ ಹೋಗುವುದು. ಹಗ್ಗ ಕಿತ್ತುಕೊಂಡು ಕಣದ ಜೋಳದ ರಾಶಿಗೆ ಬಾಯಿಹಾಕಿದ ಎತ್ತಿಗೂ ಇದೇ ಗತಿ.

ಹುಲ್ಲು ತಿಂದ ಪಶುವು ಬದುಕುವುದು, ಅನ್ನವುಂಡ ಪಶುವು ಸಾಯುವುದು, ಇದರ ಮರ್ಮವೇನು? ಈ ಪ್ರಶ್ನೆಯನ್ನೂ ಇದರಿಂದ ಕವಲೊಡೆದ ಪ್ರಶ್ನೆಗಳನ್ನೂ ಬೆನ್ನುಹತ್ತಿ, ಬೆಂಗಳೂರಿನಲ್ಲಿ ಪಶುವೈದ್ಯವನ್ನು ಕಲಿತ ವಿದ್ವಾಂಸರೊಬ್ಬರು ತಮ್ಮ ಜೀವಮಾನದ ಬಹುಭಾಗವನ್ನು ವಿನಿಯೋಗಿಸಿರುವರು. ಅವರೇ ಡಾಕ್ಟರ್ ಟಿ. ಜಿ. ನಾಗರಾಜರವರು. ಅವರ ಸಂಶೋಧನೆಯ ವೃತ್ತಾಂತವು ಈ ಲೇಖನದ ವಿಷಯ.

ಹೆಬ್ಬಾಳದ ಹಿನ್ನೆಲೆ

ಪಶುವೈದ್ಯ ಶಾಸ್ತ್ರವು ಮೊದಲು ಯುದ್ಧ ಹೂಡಿದುದು ಹೊರಗಿನಿಂದ ಬರುವ ಶತ್ರುಗಳ ಮೇಲೆ. ಅವುಗಳಲ್ಲಿ ಅತಿ ಭಯಂಕರವಾದುದು ರೈತರು ‘ದೊಡ್ಡರೋಗ’ವೆಂದು ಕರೆಯುತ್ತಿದ್ದ ಬೇನೆ. ಬಾಯಿ ಹುಣ್ಣಾಗಿ, ಕಣ್ಣುಮೂಗು ಸುರಿದು, ಭೇದಿಯಿಂದ ದನಗಳು ಹಿಂಡು ಹಿಂಡಾಗಿ ಬೀಳುತ್ತಿದ್ದುವು. ಇದರ ನಿವಾರಣೆಗಾಗಿಯೇ 1889ರಲ್ಲಿ ಪುಣೆಯಲ್ಲಿ ಪ್ರಾರಂಭವಾದ ಬ್ಯಾಕ್ಟೀರಿಯಾ ಸಂಶೋಧನಾಲಯವು ಕೆಲವು ವರ್ಷಗಳಲ್ಲಿ ಹಿಮಾಲಯದ ಮುಕ್ತೇಶ್ವರಕ್ಕೆ ಸಾಗಿತು. ಜರ್ಮನಿಯ ಪ್ರಖ್ಯಾತ ವಿದ್ವಾಂಸ ರಾಬರ್ಟ್ ಕಾಖನು 1897ರಲ್ಲಿ ಅಲ್ಲಿಗೆ ಬಂದು ಹೋದನು. ಮೈಸೂರು ಸಂಸ್ಥಾನದಲ್ಲಿ 1920ರ ದಶಕದಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಸೀರಂ ಸಂಸ್ಥೆಯು ಸ್ಥಾಪಿತವಾಗಿ, ಆ ರೋಗಕ್ಕೆ ಪ್ರತಿಯಾದ ಸೀರಂ ಅನ್ನು ಸಿದ್ಧಪಡಿಸತೊಡಗಿತು. ಹಲವು ತಲೆಮಾರುಗಳ ವೈದ್ಯರು ಹಳ್ಳಿಹಳ್ಳಿ ತಿರುಗಿ ಲಸಿಕೆ ಹಾಕಿದುದರ ಫಲವಾಗಿ ಭಾರತವು 2006ರಲ್ಲಿ ದೊಡ್ಡರೋಗದಿಂದ ಮುಕ್ತವೆಂದು ಮನ್ನಣೆ ಪಡೆಯಿತು. 2011ರಲ್ಲಿ ಅದು ಲೋಕದಿಂದಲೇ ನಿರ್ಮೂಲವಾಯಿತೆಂದು ಸಾರಲಾಯಿತು. ಮನುಷ್ಯರ ಸಿಡುಬಿನ ತರುವಾಯ ಭೂಮಿಯಿಂದ ತೊಲಗಿದ ಎರಡನೆಯ ರೋಗವಿದು.

ಹೆಬ್ಬಾಳದಲ್ಲಿಯೇ 1958ರಲ್ಲಿ ಪಶುವೈದ್ಯ ಕಾಲೇಜು ಆರಂಭವಾಯಿತು. 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯವು ಏರ್ಪಟ್ಟಾಗ ಆ ಕಾಲೇಜು ಅದರ ಅಂಗವಾಯಿತು. ನಾಗರಾಜರವರು ಪಶುವೈದ್ಯದ ಪದವಿಯನ್ನೂ ಅದರ ಮೇಲಣ ಪದವಿಯನ್ನೂ ಪಡೆದುದು ಈ ವಿಶ್ವವಿದ್ಯಾನಿಲಯದಿಂದಲೇ. ದೊಡ್ಡರೋಗ, ನೆರಡಿ, ಚಪ್ಪೆಬೇನೆ, ಗಂಟಲುಬೇನೆ ಮೊದಲಾದ ಅಂಟುರೋಗಗಳ ವಿಷಯವೇ ಆಗ ಪಶುವೈದ್ಯ ಶಿಕ್ಷಣದಲ್ಲಿ ಮುಖ್ಯವಾಗಿದ್ದಿತೆಂಬುದು ಸಹಜ. ಆದರೆ ಪಾಯಸವುಂಡು ಸತ್ತ ಹಸುವಿಗೆ ಹೊರಗಿನ ಶತ್ರುವಾವುದೂ ಇರಲಿಲ್ಲ. ಅದರ ಸಾವಿನ ಕಾರಣವನ್ನು ಅದರ ಒಡಲಿನಲ್ಲಿಯೇ ಹುಡುಕಬೇಕಾಗಿದ್ದಿತು.

ಒಡಲಿನೊಳಗಿನ ಊರು

ಮೆಲುಕು ಹಾಕುವ ಪ್ರಾಣಿಗಳಿಗೆ ಹೊಟ್ಟೆಯು ನಾಲ್ಕು ಭಾಗವಾಗಿರುವುದು. ಅವುಗಳಲ್ಲಿ ಮೊದಲನೆಯದೇ ಅತಿ ದೊಡ್ಡದು. ಶಾಸ್ತ್ರಜ್ಞರು ಇದನ್ನು ರೂಮೆನ್ ಎನ್ನುವರು. ಇಲ್ಲಿ ಅದನ್ನು ಹಿರಿಹೊಟ್ಟೆಯೆಂದು ಕರೆಯಬಹುದು. ದೊಡ್ಡ ಹಸುವಿನಲ್ಲಿ ಇದು 100 ಲೀಟರಿಗಿಂತಲೂ ಹೆಚ್ಚನ್ನು ಹಿಡಿಯುವುದು. ಗಾಳಿಯಾಡದ, ಬೆಚ್ಚನೆಯ, ಸದಾ ತೇವವಾಗಿರುವ ಈ ಹಗೇವಿನಲ್ಲಿ ಅಣುಜೀವಿಗಳ ಒಂದು ಊರೇ ನೆಲಸಿದೆ. ಅದರ ರಸದ ಒಂದು ಮಿಲಿಲೀಟರಿನಲ್ಲಿ, ಎಂದರೆ ಸುಮಾರು ಇಪ್ಪತ್ತು ಹನಿಗಳಲ್ಲಿ, ಸಾವಿರ ಕೋಟಿಗೂ ಮಿಕ್ಕ ಬ್ಯಾಕ್ಟೀರಿಯಾಗಳಿರುವುವು.

ಹುಲ್ಲಿನ ನಾರನ್ನು ಕರಗಿಸುವ ರಸವು ಹಸುವಿನ ದೇಹದಲ್ಲಿ ಹುಟ್ಟುವುದಿಲ್ಲ. ಆ ಕೆಲಸವನ್ನು ಮಾಡುವುವು ಈ ಅಣುಜೀವಿಗಳು. ಅವು ನಾರನ್ನು ಹುದುಗೆಬ್ಬಿಸಿ ಮೃದುವಾದ ಆಮ್ಲಗಳನ್ನು ಉಂಟುಮಾಡುವುವು. ಆ ಆಮ್ಲಗಳು ಹಿರಿಹೊಟ್ಟೆಯ ಗೋಡೆಯ ಮೂಲಕ ರಕ್ತವನ್ನು ಸೇರಿ, ಪಶುವಿಗೆ ಬೇಕಾದ ಶಕ್ತಿಯಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಪಾಲನ್ನು ಒದಗಿಸುವುವು. ಕೊನೆಗೆ ಆ ಅಣುಜೀವಿಗಳೇ ನಾಲ್ಕನೆಯ ಹೊಟ್ಟೆಗೆ ಇಳಿದು ಜೀರ್ಣವಾಗಿ ಹಸುವಿಗೆ ಪುಷ್ಟಿಯಾಗುವುವು. ಹೀಗಿರಲಾಗಿ ರೈತನು ಗೊಂತಿನಲ್ಲಿ ಇಡುವ ಮೇವು ಮೊದಲು ಸಲ್ಲುವುದು ಹಸುವಿಗಲ್ಲ, ಅದರ ಒಡಲಿನ ಈ ಕಾಣದ ಜೀವಿಗಳಿಗೆ. ಅವು ಉಂಡ ಮೇಲೆ ಹಸುವಿನ ಊಟ. ಈ ಒಂದು ಮಾತನ್ನು ಗ್ರಹಿಸಿದರೆ ಮುಂದಿನ ಚರಿತ್ರೆಯೆಲ್ಲವೂ ಸುಲಭವಾಗಿ ತಿಳಿಯುವುದು.

ಹಿರಿಹೊಟ್ಟೆಯಲ್ಲಿ ಸೂಕ್ಷ್ಮಪ್ರಾಣಿಗಳಿವೆಯೆಂಬುದನ್ನು 1843ರಲ್ಲಿಯೇ ಫ್ರಾನ್ಸಿನಲ್ಲಿ ಗ್ರೂಬಿ ಮತ್ತು ದೆಲಫಾಂ ಎಂಬವರು ಸೂಕ್ಷ್ಮದರ್ಶಕದಿಂದ ಕಂಡಿದ್ದರು. ಆದರೆ ಅಲ್ಲಿನ ಬ್ಯಾಕ್ಟೀರಿಯಾಗಳನ್ನು ಹೊರಗೆ ತಂದು ಬೆಳೆಸುವುದು ಬಹುಕಾಲ ಸಾಧ್ಯವಾಗಲಿಲ್ಲ. ಗಾಳಿ ತಗುಲಿದೊಡನೆ ಅವುಗಳಲ್ಲಿ ಬಹುಪಾಲು ಸಾಯುತ್ತಿದ್ದುವು. ಗಾಳಿಯಿಲ್ಲದ ಕೊಳವೆಗಳಲ್ಲಿ ಅವನ್ನು ಬೆಳೆಸುವ ವಿಧಾನವನ್ನು ರೂಪಿಸಿದವರು ಅಮೆರಿಕೆಯ ರಾಬರ್ಟ್ ಹಂಗೇಟ್ ಎಂಬ ವಿದ್ವಾಂಸರು. 1966ರಲ್ಲಿ ಪ್ರಕಟವಾದ ಅವರ ಗ್ರಂಥವು ಈ ಶಾಸ್ತ್ರಕ್ಕೆ ಬುನಾದಿಯಾಯಿತು. ಮುಂದಿನ ದಶಕದಲ್ಲಿ ಬೆಂಗಳೂರಿನಿಂದ ಹೊರಟ ನಾಗರಾಜರವರಿಗೆ ಈ ಬಾಗಿಲು ತೆರೆದೇ ಇದ್ದಿತು.

ಹೆಬ್ಬಾಳದಿಂದ ಕ್ಯಾನ್ಸಸ್ಸಿಗೆ

ನಾಗರಾಜರವರು ಹೆಚ್ಚಿನ ವ್ಯಾಸಂಗಕ್ಕಾಗಿ ಸೇರಿದುದು ಅಮೆರಿಕೆಯ ಮಧ್ಯಭಾಗದ ಬಯಲುಸೀಮೆಯಾದ ಕ್ಯಾನ್ಸಸ್ ಸಂಸ್ಥಾನದ ರಾಜ್ಯ ವಿಶ್ವವಿದ್ಯಾನಿಲಯವನ್ನು. ಅದು ಮ್ಯಾನ್‌ಹಟನ್ ಎಂಬ ಊರಿನಲ್ಲಿದೆ. ನ್ಯೂಯಾರ್ಕಿನ ಮ್ಯಾನ್‌ಹಟನ್ ಬೇರೆ, ಇದು ಬೇರೆ. ಅಲ್ಲಿ ಅಣುಜೀವಿಶಾಸ್ತ್ರದಲ್ಲಿ ಡಾಕ್ಟರ್ ಪದವಿಯನ್ನು ಪಡೆದು, ಅಲ್ಲಿಯೇ ಅಧ್ಯಾಪಕರಾಗಿ ನೆಲೆನಿಂತು, ಆ ವಿಶ್ವವಿದ್ಯಾನಿಲಯವು ತನ್ನ ಶ್ರೇಷ್ಠ ವಿದ್ವಾಂಸರಿಗೆ ಕೊಡುವ ವಿಶಿಷ್ಟ ಪ್ರಾಧ್ಯಾಪಕ ಪದವಿಗೆ ಏರಿದರು.

ಆ ಸೀಮೆಯ ಪಶುಪಾಲನೆಯ ರೀತಿಯು ಇಲ್ಲಿಯದಕ್ಕಿಂತ ತೀರ ಬೇರೆ. ಅಲ್ಲಿ ಸಾವಿರಗಟ್ಟಲೆ ದನಗಳನ್ನು ಬಯಲಿನ ದೊಡ್ಡಿಗಳಲ್ಲಿ ಕೂಡಿ, ಮುಸುಕಿನ ಜೋಳವೇ ಮೊದಲಾದ ಕಾಳುಗಳನ್ನು ಹೇರಳವಾಗಿ ತಿನ್ನಿಸಿ, ಬೇಗ ಕೊಬ್ಬಿಸಿ ಮಾಂಸಕ್ಕಾಗಿ ಕಳುಹಿಸುವರು. ಮಠದ ಭಕ್ತರಿಗೆ ಆ ಉದ್ದೇಶವು ಒಪ್ಪತಕ್ಕದ್ದಲ್ಲ. ಆದರೆ ಕಾಳಿನಿಂದ ಪಶುವಿನ ಒಡಲಿಗೆ ಆಗುವ ಕೇಡು ಕ್ಯಾನ್ಸಸ್ಸಿನಲ್ಲಿಯೂ ಒಂದೇ, ಉಮ್ಮತ್ತೂರಿನಲ್ಲಿಯೂ ಒಂದೇ. ಅಲ್ಲಿ ನಿತ್ಯವೂ ಎದುರಾಗುತ್ತಿದ್ದ ಆ ಕೇಡೇ ಇಲ್ಲಿಯ ಜಾತ್ರೆಯ ಮರುದಿನದ ಪ್ರಶ್ನೆಗೆ ಉತ್ತರವನ್ನು ಹೊರಗೆಡಹಿತು.

ಅಲ್ಲಿ ಅರ್ಲ್ ಬಾರ್ಟ್ಲಿ ಎಂಬ ಹಿರಿಯ ವಿದ್ವಾಂಸರಿದ್ದರು. ದನಗಳ ಹೊಟ್ಟೆಯುಬ್ಬರಕ್ಕೆ ಪೊಲೋಕ್ಸಲೀನ್ ಎಂಬ ಮದ್ದನ್ನು ಬಳಕೆಗೆ ತಂದ ಕೀರ್ತಿ ಅವರದು. ಅವರೊಡನೆಯೂ ಇತರರೊಡನೆಯೂ ಕೂಡಿ ನಾಗರಾಜರವರು ಕಾಳಿನ ಅಜೀರ್ಣದ ಶೋಧನೆಗೆ ತೊಡಗಿದರು. ಇಂತಹ ಶೋಧನೆಗೆ ಪಕ್ಕೆಯಲ್ಲಿ ಶಸ್ತ್ರಕ್ರಿಯೆಯಿಂದ ಮುಚ್ಚಳವಿರುವ ಕಿಂಡಿಯನ್ನು ಅಳವಡಿಸಿದ ದನಗಳನ್ನು ಬಳಸುವರು. ಗಾಯ ಮಾಗಿದ ಬಳಿಕ ಅವು ಎಂದಿನಂತೆ ಮೇಯುತ್ತ ಬಾಳುವುವು. ಬೇಕೆಂದಾಗ ಮುಚ್ಚಳ ತೆಗೆದು ಹಿರಿಹೊಟ್ಟೆಯ ರಸವನ್ನು ಪರೀಕ್ಷಿಸಬಹುದು.

ಅಂತಹ ಪರೀಕ್ಷೆಗಳಿಂದ ಸ್ಪಷ್ಟವಾದ ಕ್ರಮವು ಹೀಗಿದೆ. ಹುಳಿಯನ್ನು ಅಳೆಯುವ ಮಾನದಲ್ಲಿ ಶುದ್ಧವಾದ ನೀರಿಗೆ 7 ಅಂಕ. ಅಂಕವು ಇಳಿದಂತೆ ಹುಳಿಯು ಏರುವುದು. ಹುಲ್ಲು ಮೇಯುವ ಹಸುವಿನ ಹಿರಿಹೊಟ್ಟೆಯು 6ಕ್ಕೂ 7ಕ್ಕೂ ನಡುವೆ ಇರುವುದು. ಮೆಲುಕು ಹಾಕುವಾಗ ದಿನಕ್ಕೆ 100 ಲೀಟರಿಗೂ ಮಿಕ್ಕು ಸುರಿಯುವ ಜೊಲ್ಲಿನಲ್ಲಿ ಸೋಡದಂತಹ ಕ್ಷಾರವಿದ್ದು, ಅದೇ ಈ ಸಮತೆಯನ್ನು ಕಾಯುವುದು. ಅನ್ನವೋ ಕಾಳೋ ಒಮ್ಮೆಲೆ ಹೊಟ್ಟೆಗೆ ಬಿದ್ದರೆ, ಅದರ ಹಿಟ್ಟಿನಂಶವನ್ನು ಕಬಳಿಸುವ ಸ್ಟ್ರೆಪ್ಟೊಕಾಕಸ್ ಬೋವಿಸ್ ಎಂಬ ಬ್ಯಾಕ್ಟೀರಿಯಾ ಅರ್ಧ ಗಂಟೆಯೊಳಗೇ ಇಮ್ಮಡಿಯಾಗುವ ವೇಗದಿಂದ ಬೆಳೆಯುವುದು. ಅದು ಹಾಲು ಹುಳಿಯಾದಾಗ ಉಂಟಾಗುವ ಲ್ಯಾಕ್ಟಿಕ್ ಆಮ್ಲವನ್ನು ಕಾರುವುದು. ಈ ಆಮ್ಲವು ಹಿರಿಹೊಟ್ಟೆಯ ಸಹಜವಾದ ಆಮ್ಲಗಳಿಗಿಂತ ಸುಮಾರು ಹತ್ತುಪಟ್ಟು ತೀಕ್ಷ್ಣ. ಅಂಕವು 5ಕ್ಕಿಂತಲೂ ಕೆಳಗಿಳಿಯುವುದು. ನಾರನ್ನು ಜೀರ್ಣಿಸುವ ಸಾಧುಜೀವಿಗಳು ಸಾಯುವುವು. ಮೆಲುಕು ನಿಲ್ಲುವುದರಿಂದ ಜೊಲ್ಲಿನ ರಕ್ಷಣೆಯೂ ತಪ್ಪುವುದು. ದೇಹದ ನೀರು ಹಿರಿಹೊಟ್ಟೆಗೆ ಸೆಳೆಯಲ್ಪಟ್ಟು ಕಣ್ಣು ಒಳಸೇರುವುದು. ಆಮ್ಲವು ರಕ್ತಕ್ಕೆ ಏರಿ ಪಶುವು ಕುಸಿಯುವುದು.

1978ರಲ್ಲಿ ನಾಗರಾಜ, ಬಾರ್ಟ್ಲಿ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಲೇಖನವು ಇದಕ್ಕೆ ಇನ್ನೊಂದು ಎಳೆಯನ್ನು ಸೇರಿಸಿತು. ಹುಳಿಯೇರಿದಾಗ ಸಾಯುವ ಒಂದು ವರ್ಗದ ಬ್ಯಾಕ್ಟೀರಿಯಾಗಳ ಕವಚದಿಂದ ಎಂಡೊಟಾಕ್ಸಿನ್ ಎಂಬ ವಿಷವು ಬಿಡುಗಡೆಯಾಗುವುದೆಂದು ಅವರು ತೋರಿಸಿದರು. ಕೇಡು ಹುಳಿಯೊಂದರಿಂದಲೇ ಅಲ್ಲ, ಸತ್ತ ಅಣುಜೀವಿಗಳ ಅವಶೇಷದಿಂದಲೂ ಉಂಟಾಗಬಹುದೆಂಬ ವಿಚಾರಕ್ಕೆ ಇದರಿಂದ ಪುಷ್ಟಿ ದೊರೆಯಿತು. ಊರಿನ ಒಕ್ಕಲುಗಳು ಒಮ್ಮೆಲೆ ಅಳಿದರೆ ಒಡೆಯನಿಗೆ ಕಂದಾಯ ತಪ್ಪುವುದು ಮಾತ್ರವಲ್ಲ, ಊರೇ ರೋಗದ ನೆಲೆಯಾಗುವಂತೆ ಇದು.

ಆ ಕಾಲಕ್ಕೆ ಮೊನೆನ್ಸಿನ್ ಎಂಬ ವಸ್ತುವು, 1975ರಲ್ಲಿ ಅಮೆರಿಕೆಯ ಸರ್ಕಾರದ ಒಪ್ಪಿಗೆ ಪಡೆದು, ದನಗಳ ಮೇವಿನಲ್ಲಿ ಬೆರೆಯತೊಡಗಿದ್ದಿತು. ಮೇವಿನ ಸಾರವು ಹೆಚ್ಚು ದಕ್ಕುವಂತೆ ಮಾಡುವುದೇ ಅದರ ಉದ್ದೇಶ. ನಾಗರಾಜರವರೂ ಸಹೋದ್ಯೋಗಿಗಳೂ 1981ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಮೊನೆನ್ಸಿನ್ ಮತ್ತು ಅದೇ ಜಾತಿಯ ಲಸಲೋಸಿಡ್ ಎಂಬ ವಸ್ತುಗಳು ಲ್ಯಾಕ್ಟಿಕ್ ಆಮ್ಲದ ಅಜೀರ್ಣವನ್ನೂ ತಡೆಯಬಲ್ಲುವೆಂದು ತೋರಿಸಿದರು. ಅವು ಆಮ್ಲ ಕಾರುವ ಬ್ಯಾಕ್ಟೀರಿಯಾಗಳನ್ನು ಅಡಗಿಸುವುವು. ಆ ಆಮ್ಲವನ್ನು ಉಂಡು ಕರಗಿಸುವ ಬ್ಯಾಕ್ಟೀರಿಯಾಗಳನ್ನು ಉಳಿಸುವುವು. ಊರನ್ನೆಲ್ಲ ಸುಡದೆ ದುಷ್ಟರನ್ನು ಮಾತ್ರ ಹಿಡಿಯುವ ಉಪಾಯವಿದು. ಆದರೆ ಮೊನೆನ್ಸಿನ್ ಕುದುರೆಗೆ ಮಾರಕವಾದ ವಿಷವೆಂಬುದನ್ನು ಇಲ್ಲಿ ಮರೆಯಲಾಗದು. ಒಂದು ಪ್ರಾಣಿಯ ಮದ್ದು ಮತ್ತೊಂದಕ್ಕೆ ಮೃತ್ಯು.

ಯಕೃತ್ತಿನ ಬಾವು

ಸಾಯುವಷ್ಟು ತೀವ್ರವಾಗದ ಹುಳಿಯೂ ನಿರಪಾಯವಲ್ಲ. ಕಾಳನ್ನೇ ತಿನ್ನುವ ದನದ ಹಿರಿಹೊಟ್ಟೆಯ ಒಳಪೊರೆಯು ಹುಳಿಯಿಂದ ಅಲ್ಲಲ್ಲಿ ಸವೆದು ಹುಣ್ಣಾಗುವುದು. ಆ ಊರಿನಲ್ಲಿಯೇ ನಿರುಪದ್ರವಿಯಾಗಿ ಬಾಳುತ್ತಿದ್ದ ಫ್ಯೂಸೊಬ್ಯಾಕ್ಟೀರಿಯಂ ನೆಕ್ರೊಫೋರಂ ಎಂಬ ಬ್ಯಾಕ್ಟೀರಿಯಾ ಆ ಹುಣ್ಣಿನ ಬಾಗಿಲಿನಿಂದ ರಕ್ತವನ್ನು ಹೊಕ್ಕು ಯಕೃತ್ತನ್ನು ಸೇರಿ ಕೀವುಗಟ್ಟುವುದು. ಹಸುಗಳ ಗೊರಸಿನ ಸಂದಿ ಕೊಳೆಯುವ ರೋಗದಲ್ಲಿಯೂ ಇದೇ ಬ್ಯಾಕ್ಟೀರಿಯಾ ಕಾಣಬರುವುದು. ಯಕೃತ್ತು ಬಾತ ದನವು ಹೊರಗೆ ಪ್ರಾಯಶಃ ಯಾವ ಚಿಹ್ನೆಯನ್ನೂ ತೋರದು. ತಿಂದ ಮೇವು ಮೈಗೆ ಹತ್ತದು, ಅಷ್ಟೆ.

ಈ ಕೆಲಸದಲ್ಲಿ ನಾಗರಾಜರವರಿಗೆ ಬಹುಕಾಲ ಜೊತೆಯಾದವರು ಅದೇ ವಿಶ್ವವಿದ್ಯಾನಿಲಯದ ಡಾಕ್ಟರ್ ಎಂ. ಎಂ. ಚೆಂಗಪ್ಪನವರು. 1998ರಲ್ಲಿ ಈರ್ವರೂ ಕೂಡಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಆ ದೇಶದ ಹೆಚ್ಚಿನ ದೊಡ್ಡಿಗಳಲ್ಲಿ ನೂರಕ್ಕೆ 12ರಿಂದ 32ರವರೆಗೆ ದನಗಳ ಯಕೃತ್ತಿನಲ್ಲಿ ಬಾವು ಕಂಡುಬರುವುದೆಂದು ತಿಳಿಸಿರುವರು. ಸುಮಾರು ಮೂರರಲ್ಲಿ ಒಂದು ಪಶುವಿನ ಒಡಲು ಮೌನವಾಗಿ ಕೊಳೆಯಬಹುದೆಂದಾಯಿತು. ಈ ಬ್ಯಾಕ್ಟೀರಿಯಾದ ಆಯುಧವು ಲ್ಯೂಕೊಟಾಕ್ಸಿನ್ ಎಂಬ ವಿಷ. ದೇಹವನ್ನು ಕಾಯುವ ಬಿಳಿಯ ರಕ್ತಕಣಗಳನ್ನೇ ಅದು ಕೊಲ್ಲುವುದು. ಆ ವಿಷದ ಜೀನ್ ಅನ್ನು, ಎಂದರೆ ಅದನ್ನು ನಿರ್ಮಿಸುವ ಬೀಜಸೂತ್ರವನ್ನು, ಸಂಜೀವ ನಾರಾಯಣನ್, ನಾಗರಾಜ, ಚೆಂಗಪ್ಪ, ಸ್ಟೂವರ್ಟ್ ಎಂಬ ನಾಲ್ವರು ಬೇರ್ಪಡಿಸಿ ಓದಿ 2001ರಲ್ಲಿ ಪ್ರಕಟಿಸಿದರು. ಇದರಿಂದ ಲಸಿಕೆಯ ಮಾರ್ಗವು ತೆರೆಯಿತು. ಆದರೂ ಬಾವನ್ನು ಸಂಪೂರ್ಣವಾಗಿ ತಡೆಯುವ ಲಸಿಕೆಯು ಕೈಗೂಡದೆ, ದೊಡ್ಡಿಗಳ ಒಡೆಯರು ಟೈಲೋಸಿನ್ ಎಂಬ ಪ್ರತಿಜೀವಕವನ್ನೇ ಮೇವಿನಲ್ಲಿ ಬೆರೆಸುತ್ತ ಬಂದರು.

ಹಸುವಿಗೆ ಸಾಧು, ಮನುಷ್ಯನಿಗೆ ಕ್ರೂರಿ

1982ರಲ್ಲಿ ಅಮೆರಿಕೆಯ ಎರಡು ಸಂಸ್ಥಾನಗಳಲ್ಲಿ ಜನರಿಗೆ ರಕ್ತಭೇದಿಯು ಹತ್ತಿದಾಗ, ಈ. ಕೋಲಿ ಎಂಬ ಬ್ಯಾಕ್ಟೀರಿಯಾದ ಹೊಸದೊಂದು ಬಗೆಯು ಬೆಳಕಿಗೆ ಬಂದಿತು. ಅದಕ್ಕೆ ಓ157 ಎಂದು ಗುರುತು. ಎಳೆಯ ಮಕ್ಕಳಲ್ಲಿ ಇದು ಮೂತ್ರಪಿಂಡವನ್ನೇ ಕೆಡಿಸಬಲ್ಲುದು. ಇದರ ಮುಖ್ಯ ನೆಲೆಯು ದನದ ಕರುಳು. ವಿಶೇಷವಾಗಿ ಅದರ ಕಟ್ಟಕಡೆಯ ಭಾಗ. ಅಲ್ಲಿ ಅದು ಹಸುವಿಗೆ ಯಾವ ಕೇಡನ್ನೂ ಮಾಡದೆ ಸಗಣಿಯೊಡನೆ ಹೊರಬೀಳುವುದು. ಪಶುವೈದ್ಯನು ಹಸುವಿನ ರೋಗವನ್ನು ಮಾತ್ರ ನೋಡಿದರೆ ಸಾಲದು, ಹಸುವು ಹೊತ್ತಿರುವ ಮನುಷ್ಯನ ರೋಗವನ್ನೂ ನೋಡಬೇಕೆಂಬ ಪಾಠವಿದು.

ನಾಗರಾಜರವರ ಮುಂದಿನ ವರ್ಷಗಳ ಶ್ರಮವು ಬಹುಮಟ್ಟಿಗೆ ಇದರ ಮೇಲೆ ನಡೆಯಿತು. ಮೇವು ಬದಲಾದರೆ ಈ ಬ್ಯಾಕ್ಟೀರಿಯಾ ಹೆಚ್ಚುಕಡಿಮೆಯಾಗುವುದೇ ಎಂದು ಅವರೂ ಅವರ ಶಿಷ್ಯರೂ ಪರೀಕ್ಷಿಸಿದರು. ಆಗ ಅಮೆರಿಕೆಯಲ್ಲಿ ಮುಸುಕಿನ ಜೋಳದಿಂದ ಎಥನಾಲ್ ಎಂಬ ಇಂಧನವನ್ನು ತೆಗೆಯುವ ಕಾರ್ಖಾನೆಗಳು ಹೆಚ್ಚಿ, ಮಿಕ್ಕ ಚರಟವನ್ನು ದನಗಳಿಗೆ ಅಗ್ಗವಾಗಿ ತಿನ್ನಿಸುತ್ತಿದ್ದರು. ಆ ಚರಟ ತಿಂದ ದನಗಳ ಸಗಣಿಯಲ್ಲಿ ಓ157 ಹೆಚ್ಚಾಗಿ ಕಂಡುಬಂದಿತೆಂದು 2008ರ ಸುಮಾರಿನಲ್ಲಿ ಅವರ ಪ್ರಯೋಗಶಾಲೆಯಿಂದ ವರದಿಯಾಯಿತು. ದೊಡ್ಡ ಉದ್ಯಮಕ್ಕೆ ಹಿತವಲ್ಲದ ಮಾತಾದರೂ ಕಂಡುದನ್ನು ಕಂಡಂತೆ ಹೇಳಿದರು. ಮುಂದಿನ ಪ್ರಯೋಗಗಳಲ್ಲೆಲ್ಲ ಒಂದೇ ಫಲವು ಬರಲಿಲ್ಲ. ಆ ಭೇದವನ್ನೂ ಅವರು ಮರೆಮಾಚಲಿಲ್ಲ. ಸತ್ಯವನ್ನು ಅರಸುವವನಿಗೆ ತನ್ನ ಹಿಂದಿನ ಮಾತೂ ಒರೆಗಲ್ಲಿನ ಮೇಲೆ ಉಜ್ಜತಕ್ಕದ್ದೇ ಆಗಿದೆ.

ಮದ್ದಿನ ಮಿತಿ

ಈ ಸಂಶೋಧನೆಗಳಿಂದ ಉಪಕಾರದೊಡನೆ ಒಂದು ಧರ್ಮಸಂಕಟವೂ ಎದ್ದಿತು. ಕಾಳು ತಿನ್ನಿಸಿದುದರಿಂದ ಹುಳಿ, ಹುಳಿಯಿಂದ ಹುಣ್ಣು, ಹುಣ್ಣಿನಿಂದ ಬಾವು, ಬಾವಿಗೆ ಪ್ರತಿಜೀವಕ. ಪ್ರತಿಜೀವಕವನ್ನು ದಿನವೂ ತಿಂದ ಒಡಲಿನಲ್ಲಿ ಅದಕ್ಕೆ ಜಗ್ಗದ ಬ್ಯಾಕ್ಟೀರಿಯಾಗಳ ಉತ್ಪತ್ತಿ. ಅಂತಹವು ಮನುಷ್ಯನಿಗೆ ತಗುಲಿದರೆ ಅವನ ಮದ್ದೂ ನಿಷ್ಫಲವಾಗುವುದು. ಮನುಷ್ಯರ ವೈದ್ಯದಲ್ಲಿ ಬಳಸುವ ಎರಿತ್ರೊಮೈಸಿನ್ ಎಂಬ ಔಷಧವೂ ಟೈಲೋಸಿನ್ನೂ ಒಂದೇ ಕುಲದವು. ಆದುದರಿಂದ ಯುರೋಪಿನ ಒಕ್ಕೂಟವು ದನಗಳನ್ನು ಬೇಗ ಬೆಳೆಸುವುದಕ್ಕಾಗಿ ಮೇವಿನಲ್ಲಿ ಪ್ರತಿಜೀವಕ ಬೆರೆಸುವುದನ್ನು 2006ರಲ್ಲಿ ನಿಷೇಧಿಸಿತು. ಅಮೆರಿಕೆಯಲ್ಲಿಯೂ 2017ರಿಂದ ಇಂತಹ ಮದ್ದನ್ನು ಮೇವಿಗೆ ಸೇರಿಸಲು ಪಶುವೈದ್ಯರ ಲಿಖಿತ ಅಪ್ಪಣೆ ಬೇಕೆಂದಾಯಿತು.

ಇದರ ಮೂಲವನ್ನು ವಿಚಾರಿಸಿದರೆ, ಮದ್ದಿಗಿಂತ ಮೇವಿನ ಕ್ರಮವೇ ಮೇಲೆಂಬುದು ಸ್ಪಷ್ಟವಾಗುವುದು. ಲ್ಯಾಕ್ಟಿಕ್ ಆಮ್ಲವನ್ನೇ ಉಂಡು ಬಾಳುವ ಮೆಗಾಸ್ಫೇರ ಎಲ್ಸ್‌ಡೆನೀ ಎಂಬ ಬ್ಯಾಕ್ಟೀರಿಯಾ ಹಿರಿಹೊಟ್ಟೆಯಲ್ಲಿಯೇ ಇದೆ. ಆದರೆ ಅದು ನಿಧಾನಿ. ಕಾಳನ್ನು ಎರಡು ಮೂರು ವಾರಗಳಲ್ಲಿ ಹಿಡಿಹಿಡಿಯಾಗಿ ಏರಿಸಿದರೆ ಅದರ ಸಂಖ್ಯೆಯೂ ಏರಿ ಹುಳಿಯನ್ನು ಅಂಕೆಯಲ್ಲಿಡುವುದು. ಒಂದೇ ದಿನದಲ್ಲಿ ಸುರಿದರೆ ಅದಕ್ಕೆ ಕಾಲವೇ ದೊರೆಯದು. ನಾಲ್ಕು ದಶಕಗಳನ್ನೂ ಮೀರಿದ ಸಂಶೋಧನೆಯ ಸಾರವನ್ನು ಒಂದು ಮಾತಿನಲ್ಲಿ ಹೇಳುವುದಾದರೆ, ಪಶುವನ್ನು ಕೊಲ್ಲುವುದು ಕಾಳಲ್ಲ, ಕಾಳಿನ ಆತುರ.

ಉಮ್ಮತ್ತೂರಿನ ಕೊಟ್ಟಿಗೆಗೆ

ಈ ಅರಿವು ಕ್ಯಾನ್ಸಸ್ಸಿನ ದೊಡ್ಡಿಗಳಿಗಿಂತ ಉಮ್ಮತ್ತೂರು, ಗುಂಡ್ಲುಪೇಟೆಗಳ ಕೊಟ್ಟಿಗೆಗಳಿಗೆ ಕಡಿಮೆ ಬೇಕಾದುದಲ್ಲ. ಈ ಸೀಮೆಯ ಹೊಲಗಳಲ್ಲಿಯೂ ಈಗ ಮುಸುಕಿನ ಜೋಳವು ಹಬ್ಬಿದೆ. ಉಳುವ ಎತ್ತಿನ ಜಾಗದಲ್ಲಿ ಹಾಲಿನ ಸೀಮೆಹಸುವು ನಿಂತಿದೆ. ಹಾಲು ಹೆಚ್ಚಲೆಂದು ಹಿಂಡಿ, ಬೂಸ, ಜೋಳದ ನುಚ್ಚುಗಳನ್ನು ಹೆಚ್ಚಾಗಿ ಇಡುವುದು ವಾಡಿಕೆಯಾಗಿದೆ. ಒಂದು ಹಸು ಸತ್ತರೆ ಬಡ ಒಕ್ಕಲಿನ ಮನೆಯಲ್ಲಿ ಮಕ್ಕಳ ಹಾಲೂ ಹೋಗುವುದು, ಸಾಲದ ಕಂತೂ ನಿಲ್ಲುವುದು.

ಹೀಗಿರುವುದರಿಂದ ಕೆಲವು ನಿಯಮಗಳು ಎಲ್ಲರೂ ಪಾಲಿಸತಕ್ಕವು. ಹುಲ್ಲು ಕಡ್ಡಿಗಳೇ ಮೇವಿನ ಮೊದಲು. ಅವು ಇದ್ದರೆ ಮೆಲುಕು, ಮೆಲುಕಿದ್ದರೆ ಜೊಲ್ಲು, ಜೊಲ್ಲಿದ್ದರೆ ಸಮತೆ. ಹಿಂಡಿ ನುಚ್ಚುಗಳನ್ನು ಒಮ್ಮೆಲೆ ಏರಿಸದೆ ದಿನದಿನಕ್ಕೂ ಸ್ವಲ್ಪ ಸ್ವಲ್ಪವಾಗಿ ಏರಿಸತಕ್ಕದ್ದು. ಕಲಗಚ್ಚಿನ ಬಾನಿಯಲ್ಲಿ ಅನ್ನದ ಗಂಜಿಯು ಮಿತಿಮೀರದಂತೆ ನೋಡತಕ್ಕದ್ದು. ಕಣದ ರಾಶಿಗೆ ಕಾವಲಿರತಕ್ಕದ್ದು. ಹಸುವು ಅನ್ನವನ್ನೋ ಕಾಳನ್ನೋ ಮಿತಿಮೀರಿ ತಿಂದುದು ತಿಳಿದೊಡನೆ, ರೋಗದ ಚಿಹ್ನೆಗೆ ಕಾಯದೆ ಪಶುವೈದ್ಯರನ್ನು ಕರೆಯಿಸತಕ್ಕದ್ದು. ಹುಳಿಯನ್ನು ಮುರಿಯುವ ಸೋಡದ ಚಿಕಿತ್ಸೆಯು ಮೊದಲ ಗಂಟೆಗಳಲ್ಲಿ ಮಾಡಿದಷ್ಟು ಫಲಕಾರಿ. ತಿಪ್ಪೆಯು ಕುಡಿಯುವ ನೀರಿನಿಂದ ದೂರವಿರತಕ್ಕದ್ದು. ಸಗಣಿ ಮುಟ್ಟಿದ ಕೈಯನ್ನು ತೊಳೆಯದೆ ಮಕ್ಕಳಿಗೆ ಉಣಿಸಬಾರದು. ಹಾಲನ್ನು ಕಾಯಿಸದೆ ಕುಡಿಸಬಾರದು.

ಮಹೋತ್ಸವದ ದಿನಗಳಲ್ಲಿ ಮಠದ ದಾಸೋಹದಲ್ಲಿ ಸಾವಿರಾರು ಭಕ್ತರಿಗೆ ಅನ್ನವಾಗುವುದು. ಪ್ರಸಾದವು ನೆಲಕ್ಕೆ ಬೀಳಬಾರದೆಂಬುದು ಶರಣರ ನಡೆ. ಮಿಕ್ಕುದನ್ನು ಪಶುಗಳಿಗೆ ಇಡುವ ಮನಸ್ಸೂ ಆ ನಡೆಯಿಂದಲೇ ಹುಟ್ಟಿದುದು. ಆದರೆ ಅರಿವಿಲ್ಲದ ಕರುಣೆಯು ಕೊಟ್ಟಿಗೆಯನ್ನು ಬರಿದುಮಾಡಬಹುದೆಂಬುದನ್ನು ಈ ಚರಿತ್ರೆಯು ತೋರಿಸುವುದು. ಮಿಕ್ಕ ಅನ್ನವನ್ನು ಹಸಿದ ಮನುಷ್ಯರಿಗೆ ಹಂಚಿ, ಹಸುವಿಗೆ ಅದರ ಹುಲ್ಲನ್ನೇ ಹಾಕುವುದು ಸರಿಯಾದ ದಾಸೋಹ. ಯಾರಿಗೆ ಏನು ಸಲ್ಲುವುದೋ ಅದನ್ನು ಅರಿತು ಸಲ್ಲಿಸುವುದೇ ಸೇವೆ.

ಹೆಬ್ಬಾಳದಲ್ಲಿ ಪಾಠ ಕಲಿತವರೊಬ್ಬರು ಸಾಗರದಾಚೆಯ ಬಯಲಿನಲ್ಲಿ, ಕಣ್ಣಿಗೆ ಕಾಣದ ಜೀವಿಗಳನ್ನು ಎಣಿಸುತ್ತ ದಶಕಗಳನ್ನು ಕಳೆದರು. ಅವರ ಕಾಯಕದ ಫಲವು ಲೇಖನಗಳಲ್ಲಿಯೂ ಪ್ರಯೋಗಶಾಲೆಗಳಲ್ಲಿಯೂ ಉಳಿದರೆ ಸಾಲದು. ಉಮ್ಮತ್ತೂರಿನ ಹಟ್ಟಿಯೊಂದರಲ್ಲಿ ಜಾತ್ರೆಯ ಮರುದಿನ ಹಸುವು ನೆಮ್ಮದಿಯಾಗಿ ಮಲಗಿ ಮೆಲುಕು ಹಾಕುತ್ತಿದ್ದರೆ, ಆ ಫಲವು ಇಲ್ಲಿಗೂ ಬಂದು ಮುಟ್ಟಿತೆಂದು ತಿಳಿಯಬಹುದು. ಸಕಲ ಜೀವಿಗಳಿಗೂ ಲೇಸಾಗಲಿ.